ಔಷಧಿಯೊಡನೆ ಗೆಳೆತನವೂ ಬೇಕು



ಕೆಲವು ವರ್ಷಗಳ ಹಿಂದೆ ನನ್ನ ಮಗನ ಸಹಪಾಠಿಯೊಬ್ಬನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದುಬಂದಿತು. ಹದಿನೈದರ ಹುಡುಗ, ಪುಣೆಯಲ್ಲಿ ನೆಲೆಸಿದ ಕನ್ನಡ ಮನೆತನ. “ಅವನನ್ನು ನೋಡಿಬರಲೇ?” ಎಂದು ಮಗ ಕೇಳಿದಾಗ “ಪರೀಕ್ಷೆ ಮುಗಿಯಲಿ” ಎಂದೆ. ಪರೀಕ್ಷೆ ಮುಗಿದ ಮೇಲೆ ಮತ್ತೊಂದು ನೆವ ಹೇಳಿದೆ. ಕ್ಯಾನ್ಸರ್ ಅಂಟುರೋಗವಲ್ಲವೆಂಬುದು ನನಗೆ ತಿಳಿದಿತ್ತು. ಮಗ ಸಾವನ್ನು ಹತ್ತಿರದಿಂದ ಕಾಣಬಾರದೆಂಬುದೇ ನನ್ನ ಅಂಜಿಕೆಯಾಗಿತ್ತು. ದೈವಕೃಪೆಯಿಂದ ಆ ಹುಡುಗ ಗುಣಮುಖನಾದ. ಅವರಿಬ್ಬರ ಸ್ನೇಹ ಮಾತ್ರ ಮರಳಲಿಲ್ಲ. ಆ ತಪ್ಪು ನನ್ನದು.

ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಚಿಕಿತ್ಸೆ 2ರಿಂದ 3 ವರ್ಷಗಳ ಕಾಲ ನಡೆಯುತ್ತದೆ. ಕೂದಲು ಉದುರುತ್ತದೆ, ಬಿಳಿ ರಕ್ತಕಣಗಳು ಕುಗ್ಗಿ ಸೋಂಕಿನ ಭಯದಿಂದ ಶಾಲೆ ತಪ್ಪುತ್ತದೆ. ತಾಯಿತಂದೆಯರ ಮಾತಿಗಿಂತ ಗೆಳೆಯರ ಮಾತೇ ಹಿತವೆನಿಸುವ ವಯಸ್ಸಿನಲ್ಲಿಯೇ ಗೆಳೆಯರು ದೂರವಾಗುತ್ತಾರೆ. ನಾವು ಹಿರಿಯರು ಹಣ್ಣು ಹಿಡಿದು ಹೋಗಿ, ಪಿಸುದನಿಯಲ್ಲಿ ಮರುಗಿ ಬರುತ್ತೇವೆ. ಆ ಮರುಕ ಹದಿಹರೆಯದ ಮನಸ್ಸಿಗೆ ಮತ್ತೊಂದು ಗಾಯ.

ಈ ಕೊರತೆಯನ್ನು ಅರಿತವರು ನೆರೆಯ ಮುಂಬಯಿಯಲ್ಲಿದ್ದಾರೆ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರು ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 2009ರಲ್ಲಿ ‘ಉಗಮ್’ ಎಂಬ ಬಳಗವನ್ನು ಕಟ್ಟಿಕೊಂಡು ಒಬ್ಬರಿಗೊಬ್ಬರು ಆಸರೆಯಾಗಿದ್ದಾರೆ. ತಾನು ಪಟ್ಟ ನೋವನ್ನು ಪಟ್ಟು ಬದುಕಿದವನನ್ನು ಕಣ್ಣಾರೆ ಕಂಡ ಹುಡುಗನಿಗೆ ಬೇರೆ ಉಪದೇಶ ಬೇಕಿಲ್ಲ.

1941ರಿಂದ ನಡೆದುಬಂದಿರುವ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೂ ನಮ್ಮ ಪುಣೆಯ ಆಸ್ಪತ್ರೆಗಳಿಗೂ ಉತ್ತರ ಕರ್ನಾಟಕದಿಂದ, ಸೊಲ್ಲಾಪುರದ ಕಡೆಯಿಂದ ಕನ್ನಡಿಗರು ಬರುತ್ತಲೇ ಇದ್ದಾರೆ. ಮರಾಠಿ, ಹಿಂದಿ ಬಾರದ ಹಳ್ಳಿಯ ಹುಡುಗಿಗೆ ರೋಗದ ಒಂಟಿತನದ ಮೇಲೆ ಭಾಷೆಯ ಒಂಟಿತನವೂ ಕವಿಯುತ್ತದೆ. ರಾಜ್ಯೋತ್ಸವದಂದು ಕನ್ನಡದ ಹಿರಿಮೆಯನ್ನು ಹಾಡುವ ನಾವು ಆ ಹಾಸಿಗೆಯ ಬಳಿ ನಾಲ್ಕು ಕನ್ನಡದ ಮಾತನಾಡದಿದ್ದರೆ ಆ ಹಾಡಿಗೆ ಅರ್ಥವೇನು?

ನಮ್ಮ ಸಂಘದ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ವೈದ್ಯರ ಅನುಮತಿ ಪಡೆದು ಹೋಗಿರಿ. ನಿಮಗೇ ನೆಗಡಿ, ಜ್ವರವಿದ್ದರೆ ಆ ದಿನ ದೂರವಾಣಿಯಲ್ಲಿ ಮಾತನಾಡಿರಿ. ಕೈ ತೊಳೆದುಕೊಂಡು ಒಳಗೆ ಕಾಲಿಡಿರಿ. ರೋಗದ ಮಾತನ್ನು ಅವರಾಗಿ ಎತ್ತಿದರೆ ಕೇಳಿರಿ. ಇಲ್ಲವಾದರೆ ಕ್ರಿಕೆಟ್ಟು, ಸಿನಿಮಾ, ಶಾಲೆಯ ಪಾಠಗಳ ಮಾತು ಇದ್ದೇ ಇದೆ. ಒಮ್ಮೆ ಹೋಗಿ ನಿಲ್ಲಿಸಬೇಡಿರಿ, ಮರುವಾರವೂ ಹೋಗಿರಿ.

ತಾಯಿತಂದೆಯರಲ್ಲಿಯೂ ಒಂದು ಮಾತು: ಮಕ್ಕಳು ಹೊರಟು ನಿಂತಾಗ, ನನ್ನಂತೆ ಬಾಗಿಲಿಗೆ ಅಡ್ಡ ನಿಲ್ಲಬೇಡಿರಿ.