ದಣಿವಿಗೆ ಮೊದಲು ಕಾರಣ, ಆಮೇಲೆ ಗುಳಿಗೆ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಔಷಧದ ಅಂಗಡಿಗಳಲ್ಲಿ ಇಂದು ನಿತ್ಯದ ಚೈತನ್ಯಕ್ಕೆಂದು ಸಹಕಿಣ್ವದ ಗುಳಿಗೆಗಳನ್ನು ಮಾರಲಾಗುತ್ತಿದೆ. ‘ಕೋಎನ್‌ಝೈಮ್ ಕ್ಯೂ-10’ ಎಂಬುದು ಅವುಗಳಲ್ಲಿ ಮುಖ್ಯವಾದುದು. ದಣಿದವನು ದಣಿವಿನ ಕಾರಣವನ್ನು ವಿಚಾರಿಸದೆ ಡಬ್ಬಿಯನ್ನು ಕೊಳ್ಳುತ್ತಾನೆ. ಈ ರೂಢಿಯನ್ನು ವಿವೇಕಿಗಳು ಒಪ್ಪಲಾಗದು.

ಈ ವಸ್ತು ಮಿಥ್ಯೆಯಲ್ಲ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಕ್ರೇನ್ ಮತ್ತು ಅವರ ಸಂಗಡಿಗರು ಇದನ್ನು ಬೇರ್ಪಡಿಸಿದರು. ಉಂಡ ಆಹಾರವು ಜೀವಕೋಶದೊಳಗೆ ಶಕ್ತಿಯಾಗಿ ಮಾರ್ಪಡುವಾಗ ಇದು ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ. ಆದರೆ ಇದೇ ಶಕ್ತಿಯಲ್ಲ. ಮೇಲಾಗಿ ಇದನ್ನು ನಮ್ಮ ದೇಹವು ತಾನೇ ತಯಾರಿಸಿಕೊಳ್ಳುತ್ತದೆ. ಒಲೆಯಲ್ಲಿ ಸೌದೆಯಿಲ್ಲದಿರುವಾಗ ಊದುಗೊಳವೆಗಳನ್ನು ಹೆಚ್ಚಿಸಿದರೆ ಅಡಿಗೆ ಬೇಯುವುದೇ?

‘ವೈದ್ಯರೂ ಇದನ್ನು ಕೊಡುವರಲ್ಲ’ ಎಂದು ಕೆಲವರು ವಾದಿಸಬಹುದು. ಹುಟ್ಟಿನಿಂದಲೇ ಇದರ ಕೊರತೆಯುಳ್ಳ ವಿರಳ ರೋಗಿಗಳಿಗೂ, ಹೃದಯ ದುರ್ಬಲವಾದ ಕೆಲವರಿಗೆ ಇತರ ಔಷಧಗಳ ಜೊತೆಗೂ ಕೊಡುವುದುಂಟು. ಅದು ರೋಗವನ್ನು ಗುರುತಿಸಿದ ಬಳಿಕ ಮಾಡುವ ಚಿಕಿತ್ಸೆ. ಅಂಗಡಿಯಲ್ಲಿ ನಡೆಯುವುದು ಅದಲ್ಲ. ಆಹಾರಪೂರಕಗಳ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಮುದ್ರಿಸಬೇಕೆಂಬುದು 2016ರ ಕೇಂದ್ರ ನಿಯಮಾವಳಿಯ ವಿಧಿ. ಮಾರುವವನೇ ಒಪ್ಪಿಕೊಂಡ ಈ ಮಾತನ್ನು ಕೊಳ್ಳುವವನು ಓದುವುದಿಲ್ಲ!

‘ತೆಗೆದುಕೊಂಡರೆ ನಷ್ಟವೇನು?’ ಎಂಬುದು ಮತ್ತೊಂದು ಪ್ರಶ್ನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ಇದು ಆ ಔಷಧದ ಪರಿಣಾಮವನ್ನು ಕುಗ್ಗಿಸಬಹುದು. ಅದಕ್ಕಿಂತಲೂ ದೊಡ್ಡ ನಷ್ಟ ಬೇರೆಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ತಾಯಿಯ ಆಯಾಸಕ್ಕೆ ಬೇಕಾದುದು ರಕ್ತಪರೀಕ್ಷೆ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಹೆಚ್ಚು. ಥೈರಾಯ್ಡಿನ ದೋಷ, ಮಧುಮೇಹ, ನಿದ್ರಾಹೀನತೆಗಳೂ ದಣಿವಿನ ರೂಪದಲ್ಲಿಯೇ ಮೊದಲು ತೋರಬಹುದು. ಗುಳಿಗೆಯನ್ನು ನಂಬಿ ಕಳೆದ ಪ್ರತಿ ತಿಂಗಳೂ ರೋಗಕ್ಕೆ ಕೊಟ್ಟ ಅವಕಾಶವಾಗುತ್ತದೆ.

ಸಹಕಿಣ್ವವೆಂಬ ಹೆಸರಿಗೆ ಮರುಳಾಗಬೇಕಾಗಿಯೂ ಇಲ್ಲ. ಹೆಬ್ಬಾಳ-ಯಲಹಂಕಗಳ ನಡುವೆ ಕೃಷಿ ವಿಶ್ವವಿದ್ಯಾಲಯದ ಹೊಲಗಳಲ್ಲಿ ಬೆಳೆಯುವ ರಾಗಿಯಲ್ಲಿರುವ ಬಿ1 ಜೀವಸತ್ವವೂ ದೇಹದಲ್ಲಿ ಸಹಕಿಣ್ವವೇ ಆಗುತ್ತದೆ. ಕಡಲೆಕಾಯಿ, ಎಳ್ಳುಗಳಲ್ಲಿ ಕ್ಯೂ-10 ಕೂಡ ಅಲ್ಪಪ್ರಮಾಣದಲ್ಲಿದೆ.

ಆದುದರಿಂದ ವಾಚಕರು ಮನೆಯವರ ಬಹುದಿನದ ದಣಿವನ್ನು ಸೋಮಾರಿತನವೆಂದು ಹಳಿಯಬಾರದು. ಅಂಗಡಿಯ ಡಬ್ಬಿಗೂ ಒಪ್ಪಿಸಬಾರದು. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ದಣಿವು ದೇಹವಾಡುವ ಮಾತು. ಅದರ ಬಾಯಿ ಮುಚ್ಚಿಸುವುದಕ್ಕಿಂತ ಮೊದಲು ಅದು ಹೇಳುವುದನ್ನು ಕೇಳುವುದು ನಮ್ಮ ಕರ್ತವ್ಯ.