ಹುಡುಗರಿಗೆ ಬಿಟ್ಟುಕೊಟ್ಟ ಅಲೆಗಳು

ಹೊಲಕ್ಕೆ ಪಹಣಿ ಇರುತ್ತದೆ, ವಾಹನ ಓಡಿಸಲು ಲೈಸೆನ್ಸ್ ಬೇಕಾಗುತ್ತದೆ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ ರೇಡಿಯೋ ಅಲೆಗಳನ್ನು ಹೊರಡಿಸಲೂ ಲೈಸೆನ್ಸ್ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ಕಾನೂನಿನ ಪುಸ್ತಕಕ್ಕಿಂತ ಮೊದಲು ಭೌತವಿಜ್ಞಾನದ ಪುಸ್ತಕದಲ್ಲಿದೆ. ಅಮೆರಿಕದಲ್ಲಿ 20ನೇ ಶತಮಾನದ ಮೊದಲ ಮೂರು ದಶಕಗಳಲ್ಲಿ ನಡೆದ ಘಟನೆಗಳನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂಕೇತ ಮುಟ್ಟಿಸಿದ ಸುದ್ದಿ ಹಬ್ಬಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಶಾಲಾ ಹುಡುಗರಿಗೆ ರೇಡಿಯೋ ಹುಚ್ಚು ಹಿಡಿಯಿತು. ಒಂದು ಇಂಡಕ್ಷನ್ ಕಾಯಿಲ್, ಕೆಲವು ಬ್ಯಾಟರಿಗಳು, ಮನೆಯ ಮೇಲೆ ಎಳೆದ ಉದ್ದನೆಯ ತಂತಿ, ಇಷ್ಟಿದ್ದರೆ ಪ್ರೇಷಕ ಸಿದ್ಧ. ಎರಡು ಲೋಹದ ಗುಂಡುಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ ಮೋರ್ಸ್ ಸಂಕೇತದಲ್ಲಿ ಗೆಳೆಯರೊಡನೆ ಮಾತನಾಡುತ್ತಿದ್ದರು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ತೊಂದರೆ ಇದ್ದದ್ದು ಆ ಕಿಡಿಯಲ್ಲೇ. ತಂಬೂರಿಯ ತಂತಿ ಮೀಟಿದರೆ ಒಂದು ಶ್ರುತಿ ಕೇಳುತ್ತದೆ. ತಗಡಿನ ಡಬ್ಬ ಬಡಿದರೆ ಹತ್ತಾರು ಶ್ರುತಿಗಳು ಕಲಸಿಕೊಂಡ ಗದ್ದಲ ಕೇಳುತ್ತದೆ. ಕಿಡಿ ಪ್ರೇಷಕದ ಕೆಲಸ ಬಹುಮಟ್ಟಿಗೆ ಡಬ್ಬ ಬಡಿದ ಹಾಗೆ. ಅದರ ಅಲೆಗಳು ಒಂದೇ ಆವೃತ್ತಿಯಲ್ಲಿ ನಿಲ್ಲದೆ ಅಕ್ಕಪಕ್ಕದ ಆವೃತ್ತಿಗಳಿಗೂ ಹರಡುತ್ತಿದ್ದವು. ಒಬ್ಬ ಹುಡುಗನ ಆಟದಿಂದ ಹತ್ತಿರದ ನೌಕಾಪಡೆಯ ಕೇಂದ್ರಕ್ಕೆ ಏನೂ ಕೇಳಿಸದಂತೆ ಆಗಬಹುದಿತ್ತು. ನೌಕಾಪಡೆ ಮೇಲಿಂದ ಮೇಲೆ ದೂರು ಕೊಟ್ಟಿತು. ಹವ್ಯಾಸಿಗಳೇನು ಸುಮ್ಮನಿರಲಿಲ್ಲ. ಆಕಾಶ ಯಾರಪ್ಪನ ಆಸ್ತಿಯೂ ಅಲ್ಲ ಎಂಬುದು ಅವರ ವಾದ.

ರೇಡಿಯೋ ಜೀವ ಉಳಿಸಬಲ್ಲದು ಎಂಬುದು ಅಷ್ಟರಲ್ಲಿ ಸಾಬೀತಾಗಿತ್ತು. 1909ರ ಜನವರಿಯಲ್ಲಿ ‘ರಿಪಬ್ಲಿಕ್’ ಎಂಬ ಹಡಗಿಗೆ ಮಂಜಿನಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆದು ಅದು ಮುಳುಗಿದಾಗ, ಅದರ ನಿಸ್ತಂತು ಕರೆಯಿಂದಾಗಿ ಹೆಚ್ಚುಕಡಿಮೆ ಎಲ್ಲರೂ ಬದುಕಿದರು. 1910ರ ಕಾನೂನು 50 ಅಥವಾ ಹೆಚ್ಚು ಜನರನ್ನು ಒಯ್ಯುವ ಹಡಗುಗಳಲ್ಲಿ ರೇಡಿಯೋ ಕಡ್ಡಾಯ ಮಾಡಿತು. ಆದರೆ ಯಾರು ಯಾವ ಅಲೆಯಲ್ಲಿ ಮಾತನಾಡಬೇಕೆಂಬ ಶಿಸ್ತನ್ನು ಅದು ತರಲಿಲ್ಲ.

1912ರ ಏಪ್ರಿಲ್ 14ರ ರಾತ್ರಿ ‘ಟೈಟಾನಿಕ್’ ಹಡಗಿನ ರೇಡಿಯೋ ಚಾಲಕ ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ದಡದ ಕೇಂದ್ರಕ್ಕೆ ಕಳುಹಿಸುವುದರಲ್ಲಿ ಮುಳುಗಿದ್ದ. ಸಮೀಪದಲ್ಲಿದ್ದ ‘ಕ್ಯಾಲಿಫೋರ್ನಿಯನ್’ ಹಡಗಿನಿಂದ, ಸುತ್ತಲೂ ಹಿಮ ಇರುವುದರಿಂದ ನಿಂತಿದ್ದೇವೆ ಎಂಬ ಸಂದೇಶ ಬಂತು. ಹತ್ತಿರದ ಪ್ರೇಷಕವಾದ್ದರಿಂದ ಅದು ಕಿವಿಗೆ ಅಪ್ಪಳಿಸಿ ದೂರದ ಕ್ಷೀಣ ಸಂಕೇತವನ್ನು ಅಳಿಸಿಹಾಕಿತು. ರೇಗಿದ ಚಾಲಕ ಸುಮ್ಮನಿರಲು ಹೇಳಿದ. ಕ್ಯಾಲಿಫೋರ್ನಿಯನ್‌ನ ಒಬ್ಬನೇ ಚಾಲಕ ಸ್ವಲ್ಪ ಹೊತ್ತಿನ ಮೇಲೆ ಯಂತ್ರ ನಿಲ್ಲಿಸಿ ಮಲಗಿದ. ಕೆಲವೇ ನಿಮಿಷಗಳಲ್ಲಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. ಅದರ ಕರೆ ಕೇಳಿ ದೂರದ ‘ಕಾರ್ಪೇಥಿಯಾ’ ಬಂದು ಸುಮಾರು 700 ಜನರನ್ನು ಉಳಿಸಿತು. ಸುಮಾರು 1500 ಜನ ಸತ್ತರು.

ಮರುದಿನ ಕೆಲವು ಪತ್ರಿಕೆಗಳಲ್ಲಿ ಎಲ್ಲರೂ ಕ್ಷೇಮ ಎಂಬ ತಪ್ಪು ಸುದ್ದಿ ಬಂತು. ಬೇರೆ ಬೇರೆ ಸಂದೇಶಗಳ ತುಣುಕುಗಳು ಬೆರೆತು ಹೀಗಾಯಿತೆಂದು ಹಲವರು ಹವ್ಯಾಸಿಗಳತ್ತ ಬೆರಳು ತೋರಿಸಿದರು. ಜನರ ಸಿಟ್ಟು ಏರಿತ್ತು. ಆಗಸ್ಟ್ 13ರಂದು ಅಮೆರಿಕದ ರೇಡಿಯೋ ಕಾಯಿದೆಗೆ ಅಧ್ಯಕ್ಷ ಟಾಫ್ಟ್ ಸಹಿ ಬಿತ್ತು.

ಈ ಕಾಯಿದೆಯಂತೆ ಪ್ರೇಷಕ ಕೇಂದ್ರಕ್ಕೂ ಅದನ್ನು ನಡೆಸುವವನಿಗೂ ಲೈಸೆನ್ಸ್ ಬೇಕಾಯಿತು. ಅಪಾಯದ ಕರೆಗೆ ಉಳಿದೆಲ್ಲ ಸಂದೇಶಗಳಿಗಿಂತ ಮೊದಲ ಸ್ಥಾನ ಸಿಕ್ಕಿತು. 600ರಿಂದ 1600 ಮೀಟರ್ ತರಂಗದೂರದ ಒಳ್ಳೆಯ ಭಾಗವನ್ನು ಸರ್ಕಾರ ತಾನೇ ಇಟ್ಟುಕೊಂಡಿತು. ಹವ್ಯಾಸಿಗಳಿಗೆ 200 ಮೀಟರ್ ಮತ್ತು ಅದಕ್ಕಿಂತ ಕಡಿಮೆಯ ಅಲೆಗಳನ್ನು, 1 ಕಿಲೋವ್ಯಾಟ್ ಸಾಮರ್ಥ್ಯದ ಮಿತಿಯಲ್ಲಿ, ಬಿಟ್ಟುಕೊಟ್ಟಿತು.

ಇಲ್ಲಿ ಒಂದು ಸಣ್ಣ ಲೆಕ್ಕ. ತರಂಗದೂರವೆಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ದೂರ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ಇದನ್ನು 200ರಿಂದ ಭಾಗಿಸಿದರೆ 15 ಲಕ್ಷ. ಅಂದರೆ ಈ ಅಲೆಯ ಆವೃತ್ತಿ 1500 ಕಿಲೋಹರ್ಟ್ಜ್. ತರಂಗದೂರ ಇಳಿದಂತೆ ಆವೃತ್ತಿ ಏರುತ್ತದೆ.

ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆ ಎಂಬುದು ಅಂದಿನ ತಜ್ಞರ ನಂಬಿಕೆ. ನೆಲದ ಮೇಲೆ ಹರಿಯುವ ಅಲೆಗಳ ಮಟ್ಟಿಗೆ ಅದು ನಿಜವೂ ಹೌದು. ಹಾಗಾಗಿ ಹುಡುಗರಿಗೆ ಸಿಕ್ಕಿದ್ದು ಯಾರಿಗೂ ಬೇಡದ ಬಂಜರು. ಹವ್ಯಾಸ ತಾನಾಗಿಯೇ ಸಾಯುತ್ತದೆ ಎಂದುಕೊಂಡವರೂ ಇದ್ದರು.

ಹವ್ಯಾಸ ಸಾಯಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮುಚ್ಚಿದ್ದ ಹವ್ಯಾಸಿ ಕೇಂದ್ರಗಳು 1919ರಲ್ಲಿ ಮತ್ತೆ ತೆರೆದವು. ಕಿಡಿಯ ಜಾಗಕ್ಕೆ ಶುದ್ಧ ಶ್ರುತಿಯ ವಾಲ್ವ್ ಪ್ರೇಷಕ ಬಂತು. 1923ರ ನವೆಂಬರಿನಲ್ಲಿ ಅಮೆರಿಕದ ಫ್ರೆಡ್ ಷ್ನೆಲ್ ವಿಶೇಷ ಅನುಮತಿ ಪಡೆದು, ಸುಮಾರು 100 ಮೀಟರ್ ಅಲೆಯಲ್ಲಿ ಫ್ರಾನ್ಸಿನ ಲಿಯೋನ್ ಡೆಲಾಯ್ ಜೊತೆ ಸಾಗರ ದಾಟಿ ಸಂಭಾಷಣೆ ನಡೆಸಿದರು. ಇಬ್ಬರೂ ಹವ್ಯಾಸಿಗಳು. ಬಂಜರು ಎಂದು ಬಿಟ್ಟ ನೆಲದಲ್ಲಿ ಚಿನ್ನ ಸಿಕ್ಕಿತ್ತು.

ಇದರ ಗುಟ್ಟು ಆಕಾಶದಲ್ಲಿದೆ. ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯಕಿರಣಗಳಿಂದ ವಿದ್ಯುದಾವೇಶ ಪಡೆದ ಕಣಗಳ ಪದರ, ಅಂದರೆ ಅಯಾನುಗೋಳ, ಇದೆ. ಕಿರುತರಂಗಗಳು ಅಲ್ಲಿ ಬಾಗಿ ನೆಲಕ್ಕೆ ಮರಳುತ್ತವೆ. ಹೀಗೆ ಪುಟಿಯುತ್ತಾ ಖಂಡಗಳನ್ನೇ ದಾಟುತ್ತವೆ. ಈ ಪದರ ಇರುವುದನ್ನು ಇಂಗ್ಲೆಂಡಿನ ಆಪಲ್‌ಟನ್ 1924ರ ಪ್ರಯೋಗದಿಂದ ತೋರಿಸಿಕೊಟ್ಟರು. 1947ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಹಾಗಾದರೆ ಕಾನೂನೇ ಬೇಡವಾಗಿತ್ತೇ? ಅದಕ್ಕೂ ಅಮೆರಿಕದಲ್ಲೇ ಉತ್ತರ ಸಿಕ್ಕಿತು. 1920ರ ನಂತರ ಸಂಗೀತ, ಸುದ್ದಿ ಬಿತ್ತರಿಸುವ ಕೇಂದ್ರಗಳು ನಾಯಿಕೊಡೆಗಳಂತೆ ಎದ್ದವು. ಕೇಂದ್ರಕ್ಕೆ ಇಂಥದೇ ಅಲೆ ಎಂದು ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು 1926ರಲ್ಲಿ ನ್ಯಾಯಾಲಯವೊಂದು ತೀರ್ಪಿತ್ತಿತು. ಕೆಲವೇ ತಿಂಗಳಲ್ಲಿ ಸುಮಾರು 200 ಹೊಸ ಕೇಂದ್ರಗಳು ಹುಟ್ಟಿದವು. ಹಲವು ಕೇಂದ್ರಗಳು ಮನಬಂದ ಅಲೆಗೆ ಜಿಗಿದವು. ಕೇಳುಗರಿಗೆ ದಕ್ಕಿದ್ದು ಕೀರಲು ಸದ್ದು ಮಾತ್ರ. 1927ರ ಫೆಬ್ರವರಿಯಲ್ಲಿ ಹೊಸ ಕಾಯಿದೆ ಬಂದು, ಲೈಸೆನ್ಸ್ ಕೊಡುವಾಗ ಸಾರ್ವಜನಿಕ ಹಿತವನ್ನು ನೋಡಬೇಕೆಂಬ ನಿಯಮ ಮಾಡಿತು.

ನಮ್ಮ ಸುಪ್ರೀಂ ಕೋರ್ಟ್ ಕೂಡ 1995ರ ತೀರ್ಪಿನಲ್ಲಿ ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ಊರ ಕೆರೆಯ ನೀರಿನಂತೆ ಇದು ಎಲ್ಲರದ್ದೂ ಹೌದು. ಆದ್ದರಿಂದಲೇ ಸರದಿ ಬೇಕು, ಲೆಕ್ಕ ಬೇಕು. ಆದರೆ ನೀರನ್ನೆಲ್ಲ ದೊಡ್ಡವರೇ ಹಂಚಿಕೊಂಡಿದ್ದರೆ ಕಿರುತರಂಗದ ಶಕ್ತಿ ಅಷ್ಟು ಬೇಗ ತಿಳಿಯುತ್ತಿರಲಿಲ್ಲ. ಕಲಿಯುವವರಿಗೆಂದು ಒಂದು ಮೂಲೆ ಬಿಟ್ಟದ್ದು, ಬೇಡವೆಂದು ಬಿಟ್ಟದ್ದೇ ಆದರೂ, ಆ ಕಾನೂನಿನಿಂದಾದ ದೊಡ್ಡ ಉಪಕಾರ. ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿಗಳು ಆ ಅಲೆಗಳಲ್ಲಿ ಇಂದಿಗೂ ಮಾತನಾಡುತ್ತಾರೆ. ಮನೆಯ ಮೂಲೆಯಲ್ಲಿ ತಂತಿ, ಬ್ಯಾಟರಿ ಹರವಿಕೊಂಡು ಕೂತ ಮಗ ಅಥವಾ ಮಗಳನ್ನು ಗದರಿಸುವ ಮುನ್ನ ತಂದೆತಾಯಂದಿರು ಈ 200 ಮೀಟರ್ ಕಥೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.