ವ್ಯಕ್ತಿಚಿತ್ರ: ಆಕರವೋ, ಕೃತಿಯೋ?

1809ರಲ್ಲಿ ವಿಯೆನ್ನಾದಲ್ಲಿ ಸಂಘ ಕಟ್ಟಿ ಮರುವರ್ಷ ರೋಮಿಗೆ ತೆರಳಿದ ಓವರ್‌ಬೆಕ್ ಮೊದಲಾದ ರೊಮ್ಯಾಂಟಿಕ್ ಚಿತ್ರಕಾರರು ಮೊನಚಾದ ಪೆನ್ಸಿಲಿನಿಂದ ಒಡನಾಡಿ ಕಲಾವಿದರ ಮುಖಗಳನ್ನು ಚಿತ್ರಿಸಿದರು. ಗೆಳೆತನದಿಂದ ಮೂಡಿದ ಆ ರೇಖೆಗಳು ಕಲಾವಿದನು ಕಲಾವಿದನನ್ನು ಅರಿತ ಬಗೆಗೆ ಸಾಕ್ಷಿಯಾಗಿವೆ.

ಕನ್ನಡದಲ್ಲಿ ಈ ಕಾರ್ಯವನ್ನು ಬಹುಮಟ್ಟಿಗೆ ಲೇಖನಿಯೇ ನಿರ್ವಹಿಸಿದೆ. ಡಿ.ವಿ.ಜಿ.ಯವರು ತಮ್ಮ ವ್ಯಕ್ತಿಚಿತ್ರ ಮಾಲೆಗೆ ‘ಜ್ಞಾಪಕ ಚಿತ್ರಶಾಲೆ’ ಎಂದೇ ಹೆಸರಿಟ್ಟರು. ಅದರ ‘ಕಲೋಪಾಸಕರು’ ಸಂಪುಟದಲ್ಲಿ ಸಾಹಿತಿಯೊಬ್ಬರು ಸಂಗೀತಗಾರರನ್ನು ಕಂಡರಿಸಿದ್ದಾರೆ. ಆದರೆ ಸಂಶೋಧನೆಯು ಇಂಥ ಬರಹಗಳಿಂದ ಹುಟ್ಟೂರು, ಗುರುಪರಂಪರೆ, ಬಿರುದುಗಳನ್ನು ಹೆಕ್ಕಿಕೊಂಡು ಉಳಿದುದನ್ನು ಪಕ್ಕಕ್ಕಿಡುತ್ತದೆ.

ಪೆನ್ಸಿಲ್ ಚಿತ್ರದಲ್ಲಿ ಯಾವ ರೇಖೆಯನ್ನು ಉಳಿಸಿದೆ, ಯಾವುದನ್ನು ಬಿಟ್ಟಿದೆ ಎಂಬ ಆಯ್ಕೆಯಲ್ಲಿಯೇ ಚಿತ್ರಕಾರನ ವಿಮರ್ಶೆಯಿದೆ. ವ್ಯಕ್ತಿಚಿತ್ರದಲ್ಲಿಯೂ ಅಷ್ಟೇ. ಅದನ್ನು ಚರಿತ್ರೆಯ ಆಕರವಾಗಿ ಬಳಸುವುದಕ್ಕೆ ಮೊದಲು ವಿಮರ್ಶೆಯ ಕೃತಿಯಾಗಿ ಓದಬೇಕು. ಕನ್ನಡ ವಿಭಾಗಗಳ ಪಠ್ಯಕ್ರಮ ಅದಕ್ಕೆ ಅವಕಾಶ ಕಲ್ಪಿಸಬೇಕು.